ಹಾಜರಿ ಪುಸ್ತಕದಿಂದ ಕ್ಯಾಮೆರಾದವರೆಗೆ

ಮಾವಳ್ಳಿ ಎಂದರೆ ಬೆಂಗಳೂರಿನವರಿಗೆ ಲಾಲ್‌ಬಾಗಿನ ಪಕ್ಕದ ಬಡಾವಣೆ, 1924ರಲ್ಲಿ ಶುರುವಾದ ಟಿಫಿನ್ ರೂಮಿನ ರವೆ ಇಡ್ಲಿ. ಕರಾವಳಿಯವರಿಗೆ ಮಾವಳ್ಳಿ ಎಂದರೆ ಭಟ್ಕಳ ತಾಲೂಕಿನ ಒಂದು ಊರು. ಹೊರಗಿನವರಿಗೆ ಅದು ಮುರ್ಡೇಶ್ವರ. 123 ಅಡಿಯ ಶಿವನನ್ನು ನೋಡಿ, ಸಮುದ್ರಕ್ಕಿಳಿದು, ಊಟ ಮುಗಿಸಿ ಹೊರಡುವ ಹೆಚ್ಚಿನವರಿಗೆ ತಾವು ನಿಂತಿದ್ದ ನೆಲದ ಹೆಸರು ಮಾವಳ್ಳಿ ಎಂಬುದು ತಿಳಿದಿರುವುದಿಲ್ಲ. ಪಂಚಾಯಿತಿಯ ಲೆಕ್ಕದಲ್ಲಿ ಅದು ಮಾವಳ್ಳಿ-1, ಮಾವಳ್ಳಿ-2 ಎಂದು ಎರಡಾಗಿದೆ. ಪೊಲೀಸ್ ಠಾಣೆಯ ಬೋರ್ಡಿನಲ್ಲಿ ಮಾತ್ರ ಮುರ್ಡೇಶ್ವರ. ಇಂಗ್ಲಿಷಿನಲ್ಲಿ ಬರೆಯಲು ಹೊರಟರೆ ಅದಕ್ಕೂ ಹಲವು ಸ್ಪೆಲಿಂಗು. ಇದರಿಂದ ಊರಿನವರಿಗೆ ಯಾವ ತೊಂದರೆಯೂ ಇಲ್ಲ, ಅಂಚೆಯವನಿಗೂ ಇಲ್ಲ. ತೊಂದರೆ ಇರುವುದು ಕಂಪ್ಯೂಟರಿಗೆ. ಅದಕ್ಕೆ ಎರಡು ಹೆಸರಿನ ಒಂದು ಊರು ಎರಡು ಊರು. ಒಂದೇ ಹೆಸರಿನ ಎರಡು ಊರು, ಯಾರೂ ಬೇರೆ ಮಾಡಿ ಹೇಳದಿದ್ದರೆ, ಒಂದೇ ಊರು.

ಪೊಲೀಸ್ ಕೆಲಸದಲ್ಲಿ ಕೃತಕ ಬುದ್ಧಿಮತ್ತೆಯ ಬಗ್ಗೆ ಈಗ ನಡೆಯುವ ಚರ್ಚೆಯೆಲ್ಲ ಅದೇನೋ ನಿನ್ನೆ ಆಕಾಶದಿಂದ ಇಳಿದ ಸಂಗತಿ ಎಂಬಂತಿರುತ್ತದೆ. ಆದರೆ ‘ಈ ಮನುಷ್ಯ ಯಾರು, ಎಲ್ಲಿಯವನು, ಮುಂದೆ ಏನು ಮಾಡಿಯಾನು’ ಎಂಬ ಮೂರು ಪ್ರಶ್ನೆಗಳನ್ನು ಪ್ರಭುತ್ವ ಕೇಳುತ್ತಲೇ ಬಂದಿದೆ. ಉತ್ತರ ಬರೆದಿಡುವ ಸಾಧನ ಮಾತ್ರ ಬದಲಾಗುತ್ತ ಹೋಗಿದೆ.

ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. ಐದು ವರ್ಷಗಳ ನಂತರ, 1867ರಲ್ಲಿ, ಮುಂಬಯಿ ಸರ್ಕಾರ ಗ್ರಾಮ ಪೊಲೀಸ್ ಕಾಯ್ದೆ ತಂದಿತು. ಅದರಂತೆ ಹಳ್ಳಿಯ ಪೊಲೀಸ್ ಪಟೇಲ ತನ್ನ ಊರಿನ ಅಪರಾಧಗಳ ಸ್ಥಿತಿಯನ್ನಷ್ಟೇ ಅಲ್ಲದೆ ಜನರ ಆರೋಗ್ಯ, ಒಟ್ಟು ಪರಿಸ್ಥಿತಿ ಎಲ್ಲವನ್ನೂ ಮೇಲಿನವರಿಗೆ ತಿಳಿಸುತ್ತಿರಬೇಕಿತ್ತು. ಕಳ್ಳತನದ ಸುದ್ದಿಯೂ ಕಾಲರಾದ ಸುದ್ದಿಯೂ ಒಂದೇ ಬಾಯಿಂದ ಹೋಗುತ್ತಿದ್ದವು. ಪಟೇಲನ ಜ್ಞಾನವನ್ನು ವೈಭವೀಕರಿಸಬೇಕಾಗಿಲ್ಲ. ಅವನಿಗೂ ಜಾತಿಯಿತ್ತು, ಜಮೀನಿತ್ತು, ಆಗದವರಿದ್ದರು. ಆದರೆ ಅವನು ಯಾರ ಬಗ್ಗೆ ಹೇಳುತ್ತಿದ್ದನೋ ಅವರಿಗೆ ಅವನ ಮನೆ ಗೊತ್ತಿತ್ತು. ಅವನು ಮರೆಯಬಲ್ಲವನಾಗಿದ್ದ, ಸಾಯಬಲ್ಲವನೂ ಆಗಿದ್ದ. ಇಪ್ಪತ್ತು ವರ್ಷದ ಹಿಂದೆ ತೆಂಗಿನಕಾಯಿ ಕದ್ದವನು ಇಪ್ಪತ್ತು ವರ್ಷದ ನಂತರವೂ ಕಳ್ಳನಾಗಿಯೇ ಉಳಿಯಬೇಕೆಂದಿರಲಿಲ್ಲ.

ಈ ಮರೆವನ್ನು ಇಲ್ಲವಾಗಿಸಿದ್ದು ಮಸಿ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಒಂದು ಕರಾರುಪತ್ರದ ಮೇಲೆ ಗುತ್ತಿಗೆದಾರನ ಅಂಗೈ ಅಚ್ಚನ್ನು ತೆಗೆಸಿದ. ಅಚ್ಚು ತೆಗೆಯುವುದು ಸುಲಭ. ಸಾವಿರಾರು ಅಚ್ಚುಗಳ ನಡುವೆ ಬೇಕಾದ ಒಂದನ್ನು ಹುಡುಕುವುದೇ ಕಷ್ಟ. ಆ ಕಷ್ಟವನ್ನು 1890ರ ದಶಕದಲ್ಲಿ ಬಿಡಿಸಿದವರು ಬಂಗಾಳ ಪೊಲೀಸಿನ ಇಬ್ಬರು ಭಾರತೀಯರು: ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿ. ಜಗತ್ತು ಈಗಲೂ ಅದನ್ನು ಕರೆಯುವುದು ಹೆನ್ರಿ ಪದ್ಧತಿ ಎಂದೇ.

ಪದ್ಧತಿ ಬಹಳ ಚೆಂದದ್ದು, ಸ್ವಲ್ಪ ನಿಂತು ನೋಡಬೇಕು. ಹತ್ತು ಬೆರಳುಗಳನ್ನು ಐದು ಜೋಡಿಗಳನ್ನಾಗಿ ಮಾಡುತ್ತಾರೆ. ಮೊದಲ ಜೋಡಿಗೆ 16 ಅಂಕ, ಮುಂದಿನವಕ್ಕೆ ಕ್ರಮವಾಗಿ 8, 4, 2, 1. ಬೆರಳಿನ ಗೆರೆ ಸುಳಿಯಾಗಿದ್ದರೆ ಆ ಅಂಕ, ಸುಳಿಯಿಲ್ಲದಿದ್ದರೆ ಸೊನ್ನೆ. ಪ್ರತಿ ಜೋಡಿಯಲ್ಲಿನ ಒಂದು ಬೆರಳಿನ ಅಂಕ ಮೇಲೆ, ಇನ್ನೊಂದರದು ಕೆಳಗೆ. ಐದನ್ನೂ ಕೂಡಿ, ಮೇಲೊಂದು ಕೆಳಗೊಂದು ಸೇರಿಸಿದರೆ ಒಂದು ಭಿನ್ನರಾಶಿ ಸಿಗುತ್ತದೆ. 1/1ರಿಂದ 32/32ರವರೆಗೆ ಒಟ್ಟು 1,024 ಸಾಧ್ಯತೆಗಳು. 32 ಸಾಲು, 32 ಕಂಬದ ಗೂಡುಗಳ ಕಪಾಟು ಮಾಡಿಸಿದರೆ ಪ್ರತಿಯೊಬ್ಬ ಮನುಷ್ಯನಿಗೂ ಅದರಲ್ಲಿ ಒಂದು ಗೂಡಿದೆ. ಕಂಪ್ಯೂಟರ್ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ, ಸೊನ್ನೆ ಮತ್ತು ಒಂದರ ದ್ವಿಮಾನ ಲೆಕ್ಕ ಕಲ್ಕತ್ತೆಯ ಪೊಲೀಸ್ ಕಚೇರಿಯ ಮರದ ಕಪಾಟಿನಲ್ಲಿ ನಡೆಯುತ್ತಿತ್ತು. 1897ರಲ್ಲಿ ಅಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಅದನ್ನು ಕಲಿತದ್ದು 1901ರಲ್ಲಿ.

ಅದೇ ಹೊತ್ತಿನ ಒಂದು ಪ್ರಕರಣ ಇಂದಿಗೂ ನೆನಪಿಡುವಂಥದ್ದು. ಜಲಪಾಯ್‌ಗುಡಿಯ ಚಹಾ ತೋಟದ ಮ್ಯಾನೇಜರನ ಕೊಲೆಯಾಯಿತು. ಸ್ಥಳದಲ್ಲಿ ಸಿಕ್ಕ ಪಂಚಾಂಗದ ಮೇಲೆ ರಕ್ತದ ಬೆರಳಚ್ಚಿತ್ತು. ಅದು ಹಿಂದೊಮ್ಮೆ ಶಿಕ್ಷೆಯಾಗಿದ್ದ ಮಾಜಿ ಆಳಿನ ಬೆರಳಚ್ಚಿಗೆ ಹೊಂದಿತು. 1898ರಲ್ಲಿ ಆತನಿಗೆ ಕಳ್ಳತನಕ್ಕಾಗಿ ಶಿಕ್ಷೆಯಾಯಿತು, ಕೊಲೆಯ ಆರೋಪದಿಂದ ಬಿಡುಗಡೆಯಾಯಿತು. ಬೆರಳು ಅಲ್ಲಿತ್ತು ಎಂಬುದಷ್ಟೇ ಅಚ್ಚು ಹೇಳಬಲ್ಲ ಮಾತು, ಆ ಕೈ ಏನು ಮಾಡಿತು ಎಂಬುದನ್ನು ಬೇರೆ ಸಾಕ್ಷಿಯೇ ಹೇಳಬೇಕು. ವಸಾಹತು ಕಾಲದ ಕೋರ್ಟಿಗೆ ಇಷ್ಟು ಎಚ್ಚರವಿತ್ತು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಆದರೆ ಕೋರ್ಟಿನ ಹೊರಗೆ ಆ ಎಚ್ಚರ ಇರಲಿಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಒಬ್ಬ ವ್ಯಕ್ತಿ ಮಾಡಿದ್ದನ್ನು ಕೇಳುತ್ತಿರಲಿಲ್ಲ, ಅವನು ಯಾರ ಹೊಟ್ಟೆಯಲ್ಲಿ ಹುಟ್ಟಿದ ಎಂದು ಕೇಳುತ್ತಿತ್ತು. 1911ರಲ್ಲಿ ಅದು ಇಡೀ ಬ್ರಿಟಿಷ್ ಇಂಡಿಯಾಕ್ಕೆ ವಿಸ್ತರಿಸಿತು, ನೋಂದಾಯಿತರ ಬೆರಳಚ್ಚನ್ನು ಯಾವಾಗ ಬೇಕಾದರೂ ತೆಗೆಯುವ ಅಧಿಕಾರವೂ ಬಂತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಹರಣಶಿಕಾರಿ, ಕೊರವ, ಛಪ್ಪರಬಂದ್, ಗಂಟಿಚೋರ ಮೊದಲಾದ ಸಮುದಾಯಗಳು ಈ ಪಟ್ಟಿಗೆ ಬಿದ್ದವು. ಕೊನೆಯ ಹೆಸರಿನಲ್ಲಿ ‘ಚೋರ’ ಎಂಬುದು ಹೆಸರಿನೊಳಗೇ ಸೇರಿಕೊಂಡಿದೆ! ವಿಜಯಪುರ, ಹುಬ್ಬಳ್ಳಿ, ಗದಗಗಳಲ್ಲಿ ಇವರನ್ನು ಇಡಲು ವಸಾಹತುಗಳಾದವು. ಸುತ್ತ ಬೇಲಿ, ದಿನವೂ ಹಾಜರಿ, ಹೊರಗೆ ಹೋಗಲು ಪಾಸು, ದುಡಿಯಲು ಹತ್ತಿ ಗಿರಣಿ. ಹುಬ್ಬಳ್ಳಿ, ಗದಗಿನಲ್ಲಿ ಆ ಪ್ರದೇಶಗಳನ್ನು ಜನ ಇಂದಿಗೂ ‘ಸೆಟ್ಲಮೆಂಟ್’ ಎಂದೇ ಕರೆಯುತ್ತಾರೆ.

ಹಾಜರಿ ಪುಸ್ತಕದ ತಂತ್ರವನ್ನು ಗಮನಿಸಬೇಕು. ಹಾಜರಿ ತಪ್ಪಿಸಿದರೆ ಅದೇ ಅಪರಾಧ. ಪಾಸಿಲ್ಲದೆ ಪಕ್ಕದೂರಿನ ಜಾತ್ರೆಗೆ ಹೋದರೆ ಅಪರಾಧ. ಉಳಿದವರ್‍ಯಾರೂ ಮಾಡಲಾಗದ ಅಪರಾಧಗಳಿವು, ಏಕೆಂದರೆ ಉಳಿದವರಿಗೆ ಹಾಜರಿಯೇ ಇಲ್ಲ. ಹೀಗೆ ವರ್ಷದ ಕೊನೆಗೆ ಲೆಕ್ಕ ಹಾಕಿದಾಗ ಆ ಸಮುದಾಯದ ಮುಂದೆ ಹೆಚ್ಚು ಅಪರಾಧಗಳು ಕಾಣುತ್ತವೆ. ಹೆಚ್ಚು ಅಪರಾಧ ಕಂಡದ್ದರಿಂದ ಹೆಚ್ಚು ಕಾವಲು. ಹೆಚ್ಚು ಕಾವಲಿನಿಂದ ಮತ್ತೆ ಹೆಚ್ಚು ಅಪರಾಧ. ಅಮೆರಿಕದ ಲಾಸ್ ಏಂಜಲೀಸ್ ಪೊಲೀಸರು ‘ನಾಳೆ ಎಲ್ಲಿ ಅಪರಾಧ ನಡೆದೀತು’ ಎಂದು ಹೇಳುವ ಪ್ರೆಡ್‌ಪೋಲ್ ತಂತ್ರಾಂಶವನ್ನು ವರ್ಷಗಟ್ಟಲೆ ಬಳಸಿ 2020ರಲ್ಲಿ ಕೈಬಿಟ್ಟರು. ಅದರ ಮೇಲಿದ್ದ ಮುಖ್ಯ ಆಕ್ಷೇಪವೂ ಇದೇ ಆಗಿತ್ತು. ಹುಬ್ಬಳ್ಳಿಯ ಸೆಟ್ಲಮೆಂಟಿನ ಗುಮಾಸ್ತ ಆ ತಂತ್ರಾಂಶವನ್ನು ಕೈಯಿಂದಲೇ ನಡೆಸುತ್ತಿದ್ದ.

ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. ಆ ಜನರಿಗೆ ‘ವಿಮುಕ್ತ’ರೆಂಬ ಹೆಸರು ಬಂತು. ರೂಢಿಗತ ಅಪರಾಧಿಗಳ ಕಾಯ್ದೆ ಎಂಬ ಇನ್ನೊಂದು ಬಾಗಿಲು ತೆರೆಯಿತು. ನಮ್ಮ ರಾಜ್ಯದಲ್ಲಿ ಅದು 1961ರದು. ಠಾಣೆಗಳಲ್ಲಿ ರೌಡಿ ಪಟ್ಟಿ, ಹಿಸ್ಟರಿ ಶೀಟುಗಳು ಮುಂದುವರಿದವು. ರೌಡಿ ಪಟ್ಟಿಗೆ ಹೆಸರು ಸೇರಿಸುವುದಕ್ಕೆ ಪಾಲಿಸಬೇಕಾದ ಕ್ರಮಗಳನ್ನು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿತು. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಹಿಂದುಳಿದ ಹಾಗೂ ಪರಿಶಿಷ್ಟ ಸಮುದಾಯದ ನಿರಪರಾಧಿಗಳ ಹೆಸರು ಯಾಂತ್ರಿಕವಾಗಿ ಹಿಸ್ಟರಿ ಶೀಟಿಗೆ ಹೋಗದಂತೆ ನೋಡಿಕೊಳ್ಳಲು ಎಲ್ಲ ರಾಜ್ಯಗಳಿಗೂ ಸೂಚಿಸಿತು. ಅದೇ ವರ್ಷ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಜೈಲಿನ ರಿಜಿಸ್ಟರಿನಿಂದ ಜಾತಿಯ ಕಾಲಮ್ಮನ್ನೇ ಅಳಿಸಿಹಾಕಲು ಆದೇಶಿಸಿತು. ಸ್ವಾತಂತ್ರ್ಯ ಬಂದು 77 ವರ್ಷವಾದ ಮೇಲೆ ಅಳಿಸಬೇಕಾದ ಕಾಲಮ್ ಅದು.

ಕನ್ನಡ ವ್ಯಾಕರಣ ಕಲಿತವರಿಗೆ ಇಲ್ಲೊಂದು ಪರಿಚಿತ ಸಂಗತಿ ಕಂಡೀತು. ನಾಮಪದಗಳಲ್ಲಿ ಅಂಕಿತನಾಮವಿದೆ, ಅನ್ವರ್ಥನಾಮವಿದೆ. ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡಲು ಇಟ್ಟುಕೊಂಡದ್ದು ಅಂಕಿತ, ಗುಣವನ್ನೋ ಕಸುಬನ್ನೋ ಹೇಳುವುದು ಅನ್ವರ್ಥ. ದಾಖಲೆಯ ಕೆಲಸ ಅಂಕಿತನಾಮದಿಂದ ಶುರುವಾಗಿ ಸದ್ದಿಲ್ಲದೆ ಅನ್ವರ್ಥಕ್ಕೆ ಜಾರುತ್ತದೆ. ಭಟ್ಕಳಕ್ಕೆ ಆ ಹೆಸರು ಬಂದದ್ದು ವೈಯಾಕರಣ ಭಟ್ಟಾಕಲಂಕನಿಂದ ಎಂಬ ಮಾತಿದೆ. 1604ರ ‘ಶಬ್ದಾನುಶಾಸನ’ವನ್ನು ಬರೆದವನು ಅವನು. ಅಂಥ ಊರಿನ ಹೆಸರು ಇಂಡಿಯನ್ ಮುಜಾಹಿದೀನ್ ಪ್ರಕರಣಗಳ ನಂತರ ರಿಯಾಜ್, ಇಕ್ಬಾಲ್, ಯಾಸಿನ್ ಎಂಬ ಮೂವರ ಹೆಸರಿನ ಬಾಲವಾಗಿ ದೇಶಕ್ಕೆಲ್ಲ ಪರಿಚಯವಾಯಿತು. 2013ರ ಆಗಸ್ಟಿನಲ್ಲಿ ಸೆರೆಸಿಕ್ಕ ಯಾಸಿನ್‌ನ ಮನೆತನದ ಹೆಸರು ಸಿದ್ದಿಬಾಪಾ. ಭಟ್ಕಳ ಅವನ ಊರು ಮಾತ್ರ. ದಿಲ್‌ಸುಖ್‌ನಗರದ ಬಾಂಬುಗಳು ನಿಜ, ಅಲ್ಲಿ ಸತ್ತವರು ನಿಜ, ಆತನಿಗಾದ ಶಿಕ್ಷೆಯೂ ನಿಜ. ಆದರೆ ಕೆಲಸಕ್ಕೆ ಹೊರಗಡೆ ಹೋಗುವ, ಬಾಡಿಗೆ ಮನೆ ಹುಡುಕುವ, ಪಾಸ್‌ಪೋರ್ಟಿನಲ್ಲಿ ಜನ್ಮಸ್ಥಳವೆಂದು ಈ ಊರನ್ನು ಬರೆಸಿಕೊಂಡ ಸಾವಿರಾರು ಜನರಿಗೆ ಅಂಕಿತನಾಮವೊಂದು ಅನ್ವರ್ಥವಾಗಿ ಬಿಟ್ಟಿತು. ಇದಕ್ಕೆ ಯಾವ ಕಂಪ್ಯೂಟರೂ ಬೇಕಾಗಲಿಲ್ಲ, ಪತ್ರಿಕೆಯ ತಲೆಬರಹ ಸಾಕಾಯಿತು. ಕಂಪ್ಯೂಟರಿಗೆ ಇಂಥದ್ದನ್ನು ಕಲಿಸಲು ಹೊರಟರೆ ಅದು ಕಲಿಯುವುದು ಇದನ್ನೇ ಎಂಬುದು ನನ್ನ ಭಯ.

ಯಂತ್ರದ ಕಥೆ ವೇಗವಾಗಿ ಸಾಗಿದೆ. ಮುಂಬಯಿ ದಾಳಿಯ ಮರುವರ್ಷ, 2009ರಲ್ಲಿ, ಎಲ್ಲ ಠಾಣೆಗಳನ್ನು ಒಂದೇ ಜಾಲಕ್ಕೆ ಜೋಡಿಸುವ ಸಿಸಿಟಿಎನ್‌ಎಸ್ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟಿತು. 1920ರ ಕೈದಿಗಳ ಗುರುತು ಕಾಯ್ದೆಯ ಜಾಗಕ್ಕೆ 2022ರಲ್ಲಿ ಹೊಸ ಕಾಯ್ದೆ ಬಂತು. ಬೆರಳಚ್ಚಿನ ಜೊತೆಗೆ ಕಣ್ಣಿನ ಪಾಪೆ, ಸಹಿ, ಕೈಬರಹ, ಜೈವಿಕ ಮಾದರಿ ಎಲ್ಲವನ್ನೂ ಅದು ‘ಅಳತೆ’ ಎಂದು ಕರೆದು 75 ವರ್ಷ ಇಡಬಹುದೆಂದಿತು. ಮರೆಯಬಲ್ಲವನಾಗಿದ್ದ ಪಟೇಲ ಇಲ್ಲಿ ನೆನಪಾಗುತ್ತಾನೆ. ಬೆಂಗಳೂರಿನಲ್ಲಿ ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಡಿ 7 ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು ಬಂದವು, ಮುಖ ಗುರುತಿಸುವ ಸೌಲಭ್ಯದೊಂದಿಗೆ.

ಮುಖ ಗುರುತಿಸುವ ಯಂತ್ರ ‘ಇವನೇ’ ಎಂದು ಹೇಳುವುದಿಲ್ಲ. ಎರಡು ಚಿತ್ರಗಳ ನಡುವಿನ ಹೋಲಿಕೆಗೆ ಒಂದು ಅಂಕ ಕೊಡುತ್ತದೆ, ಅಷ್ಟೇ. ಎಷ್ಟು ಅಂಕಕ್ಕೆ ‘ಇವನೇ’ ಎನ್ನಬೇಕೆಂದು ಗೆರೆ ಎಳೆಯುವವರು ಮನುಷ್ಯರು. ದಿಲ್ಲಿ ಪೊಲೀಸರ ಗೆರೆ ಶೇ 80 ಎಂಬುದು 2022ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯಿಂದ ತಿಳಿದುಬಂತು. 2018ರ ಒಂದು ಅಮೆರಿಕನ್ ಅಧ್ಯಯನದಲ್ಲಿ, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ತಂತ್ರಾಂಶಗಳು ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ ಶೇ 34.7ರವರೆಗೆ ತಪ್ಪಿದ್ದವು, ಬಿಳಿಯ ಗಂಡಸರ ವಿಷಯದಲ್ಲಿ ತಪ್ಪು ಶೇ 0.8ನ್ನು ದಾಟಿರಲಿಲ್ಲ. ಇನ್ನು ಸಾದಾ ಲೆಕ್ಕ. ರಜೆಯ ದಿನಗಳಲ್ಲಿ ಮುರ್ಡೇಶ್ವರದ ಕಡಲತೀರಕ್ಕೆ 20 ಸಾವಿರ ಜನ ಬಂದರೆಂದುಕೊಳ್ಳಿ, ಯಂತ್ರ ಸಾವಿರಕ್ಕೆ ಒಬ್ಬರನ್ನು ಮಾತ್ರ ತಪ್ಪಾಗಿ ಹೆಸರಿಸುತ್ತದೆಂದುಕೊಳ್ಳಿ. ಸಂಜೆಯೊಳಗೆ 20 ಮಂದಿ ಠಾಣೆಗೆ ಬಂದು ತಾವು ತಾವೇ ಎಂದು ಸಾಬೀತು ಮಾಡಬೇಕು. ಅವರಲ್ಲಿ ಇಂಗ್ಲಿಷ್ ಬಲ್ಲ, ವಕೀಲರ ಫೋನ್ ನಂಬರಿರುವ ಪ್ರವಾಸಿ ಅರ್ಧ ಗಂಟೆಯಲ್ಲಿ ಹೊರಬಂದಾನು. ಬಲೆ ಹೊತ್ತು ಬಂದವನ ಕಥೆ ಬೇರೆ.

ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಪ್ರಕರಣ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿದೆ. ಅರ್ಜಿ ಹಾಕಿದಾಗಲೇ ಅವರಿಗೆ 80 ದಾಟಿತ್ತು. ಆ ತೀರ್ಪಿನ ನಂತರ ಬಂದ 2023ರ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ, ಸರ್ಕಾರ ತಾನು ಹೆಸರಿಸುವ ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅವಕಾಶವಿದೆ. ಮನೆಗೆ ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತುಹಾಕಿದಂತೆ.

ಇಷ್ಟೆಲ್ಲ ಹೇಳಿದ ಮೇಲೂ, ದಾಖಲೆಯೇ ಬೇಡ ಎನ್ನಲು ಕರಾವಳಿಯವರಿಗೆ ಬಾಯಿ ಬಾರದು. ಮುಂಬಯಿ ದಾಳಿಯವರು ಬಂದದ್ದು ಗುಜರಾತಿನ ಮೀನುಗಾರರ ‘ಕುಬೇರ್’ ಬೋಟನ್ನು ಅಪಹರಿಸಿ. ಅಂದಿನಿಂದ ಮೀನುಗಾರರಿಗೆ ಬಯೊಮೆಟ್ರಿಕ್ ಕಾರ್ಡು, ಬೋಟಿಗೆ ನಂಬರು, ಕರಾವಳಿ ಕಾವಲು ಪೊಲೀಸರ ತಪಾಸಣೆ. ಸಮುದ್ರಕ್ಕೆ ಹೋಗುವವನು ತಾನು ಭಯೋತ್ಪಾದಕನಲ್ಲವೆಂದು ಕಾರ್ಡು ತೋರಿಸುವುದನ್ನು ಕಲಿತ.

2018ರ ಡಿಸೆಂಬರ್ 13ರಂದು ‘ಸುವರ್ಣ ತ್ರಿಭುಜ’ ಎಂಬ ಬೋಟು ಮಲ್ಪೆಯಿಂದ ಹೊರಟಿತು. ಏಳು ಜನ. ಇಬ್ಬರು ಮಲ್ಪೆಯವರು, ಉಳಿದ ಐವರು ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರು. 15ರ ರಾತ್ರಿ ಮಹಾರಾಷ್ಟ್ರದ ಸಿಂಧುದುರ್ಗದ ಆಚೆ ಸಂಪರ್ಕ ತಪ್ಪಿತು. ಬೋಟು ಎಲ್ಲಿದೆ ಎಂಬ ಒಂದೇ ಒಂದು ಪ್ರಶ್ನೆಗೆ ಉತ್ತರ ಕೇಳಿ ಮೀನುಗಾರರು ರಸ್ತೆಗಿಳಿದರು, ಹೆದ್ದಾರಿ ತಡೆದರು. ನೌಕಾಪಡೆ, ಕರಾವಳಿ ರಕ್ಷಣಾ ಪಡೆ, ಎರಡು ರಾಜ್ಯಗಳ ಪೊಲೀಸರು ಹುಡುಕಿದರು. ನಾಲ್ಕೂವರೆ ತಿಂಗಳ ನಂತರ, 2019ರ ಮೇ ಮೊದಲ ವಾರದಲ್ಲಿ, ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಾಲ್ವಣದಾಚೆ ಕಡಲ ತಳದಲ್ಲಿ ಅದರ ಅವಶೇಷವನ್ನು ಪತ್ತೆ ಮಾಡಿತು. ಏಳು ಜನ ಸಿಗಲಿಲ್ಲ. ದಡದಲ್ಲಿ ಕಾರ್ಡು ತೋರಿಸಿ ಹೋಗುವ ಮೀನುಗಾರನ ಬೋಟಿಗೆ, ಮುಳುಗುವ ಹೊತ್ತಿನಲ್ಲಿ ದಡಕ್ಕೆ ಸಂದೇಶ ಕಳಿಸಬಲ್ಲ ಉಪಗ್ರಹ ಸಾಧನ ಕೊಡುವ ಒಂದು ಲಕ್ಷ ಬೋಟುಗಳ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2023ರಲ್ಲಿ.