ಗ್ಯಾಲ್ವೆಸ್ಟನ್ನಿನ ಪುನರುದ್ಧಾರ: ಪೌರಾಡಳಿತದ ಒಂದು ಅಗ್ನಿಪರೀಕ್ಷೆ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಟೆಕ್ಸಾಸಿನ ಕರಾವಳಿಯಂಚಿನಲ್ಲಿ, ಮೆಕ್ಸಿಕೋ ಕೊಲ್ಲಿಗೆ ಮುಖಮಾಡಿ ಮಲಗಿರುವ ಕಿರಿದಾದ ಮರಳಿನ ದ್ವೀಪವೇ ಗ್ಯಾಲ್ವೆಸ್ಟನ್. ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಅದು ಹತ್ತಿಯ ರಫ್ತಿನಿಂದ ಸಿರಿವಂತವಾಗಿದ್ದ ಬಂದರುನಗರ. 1900ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 37,789. ಆದರೆ ನಗರದ ಅತ್ಯಂತ ಎತ್ತರದ ನೆಲವೂ ಸಮುದ್ರಮಟ್ಟಕ್ಕಿಂತ 9 ಅಡಿಯಷ್ಟು ಮೇಲಿರಲಿಲ್ಲ. ಅದೇ ಕರಾವಳಿಯ ಇಂಡಿಯನೋಲಾ ಪಟ್ಟಣವನ್ನು 1875 ಮತ್ತು 1886ರ ಚಂಡಮಾರುತಗಳು ಹಾಳುಗೆಡವಿದಾಗ ಗ್ಯಾಲ್ವೆಸ್ಟನ್ನಿನ ಪ್ರಮುಖರು ಕಡಲಿಗೆ ಗೋಡೆ ಕಟ್ಟುವ ಮಾತನ್ನಾಡಿದರು; ಭಯ ಕಳೆದಂತೆ ಆ ಮಾತೂ ಮರೆತುಹೋಯಿತು. 1891ರಲ್ಲಿ ಅಲ್ಲಿನ ಹವಾಮಾನ ಅಧಿಕಾರಿ ಐಸಾಕ್ ಕ್ಲೈನ್, ಅಂಥ ಭೀತಿಗೆ ಆಧಾರವಿಲ್ಲವೆಂದೇ ಪತ್ರಿಕೆಯಲ್ಲಿ ಬರೆದನು. ಹೀಗೆ ಉಳಿಸಿದ ಹಣಕ್ಕೆ ನಗರವು ತೆರಬೇಕಾಗಿ ಬಂದ ಬಡ್ಡಿ ಘೋರವಾದುದು.

1900ರ ಸೆಪ್ಟೆಂಬರ್ 8ರಂದು ಬೀಸಿದ ಚಂಡಮಾರುತದಲ್ಲಿ ಕಡಲು 15 ಅಡಿಗೂ ಮೇಲೆ ಉಕ್ಕಿ ದ್ವೀಪವನ್ನೆಲ್ಲ ಮುಳುಗಿಸಿತು. ನಗರದಲ್ಲಿ ಮಡಿದವರು ಆರರಿಂದ ಎಂಟು ಸಾವಿರವೆಂದು ಅಂದಾಜು. ನೆಲಸಮವಾದ ಮನೆಗಳು 3,600ಕ್ಕೂ ಹೆಚ್ಚು. ಮುರಿದ ಮರಮುಟ್ಟುಗಳೂ ಶವಗಳೂ ಒಂದಾಗಿ ಉದ್ದನೆಯ ದಿಬ್ಬವಾಗಿ ನಗರದ ನಡುವೆ ಒಟ್ಟಿಕೊಂಡಿದ್ದವು.

ಮರುದಿನವೇ ಮೇಯರ್ ವಾಲ್ಟರ್ ಜೋನ್ಸ್ ಊರಿನ ಪ್ರಮುಖರನ್ನು ಕರೆದು ಕೇಂದ್ರ ಪರಿಹಾರ ಸಮಿತಿಯನ್ನು ರಚಿಸಿದನು. ಹಣಕಾಸು, ಆಸ್ಪತ್ರೆ, ಶವಸಂಸ್ಕಾರ ಮೊದಲಾದ ಕೆಲಸಗಳು ಬೇರೆಬೇರೆಯವರ ಪಾಲಿಗೆ ಬಂದವು. ಮೊದಲ ಸಮಸ್ಯೆ ಶವಗಳದು. ನೆಲವೆಲ್ಲ ನೀರುಗೂಡಿದ್ದುದರಿಂದ ಹೂಳುವುದು ಅಸಾಧ್ಯವಾಯಿತು. ಸುಮಾರು 700 ಶವಗಳನ್ನು ದೋಣಿಯಲ್ಲಿ ಹೇರಿ, ಭಾರ ಕಟ್ಟಿ ಕಡಲಿಗೆ ಬಿಟ್ಟರು. ಅಲೆಗಳು ಅವುಗಳಲ್ಲಿ ಅನೇಕವನ್ನು ಮರಳಿ ದಡಕ್ಕೆ ತಂದೆಸೆದವು. ಕಡೆಗೆ ಸಿಕ್ಕಸಿಕ್ಕಲ್ಲಿಯೇ ಚಿತೆಯೊಡ್ಡಿ ಸುಡುವುದೊಂದೇ ಮಾರ್ಗವಾಯಿತು. 78 ವರ್ಷದ ವೃದ್ಧೆ ಕ್ಲಾರಾ ಬಾರ್ಟನ್ ರೆಡ್‌ಕ್ರಾಸ್ ತಂಡದೊಡನೆ ಬಂದು ಪರಿಹಾರಕಾರ್ಯದಲ್ಲಿ ತೊಡಗಿದಳು.

ಈ ದಕ್ಷತೆಗೆ ಇನ್ನೊಂದು ಮುಖವಿತ್ತು. ಶವಗಳನ್ನೆತ್ತುವ ಕೆಲಸಕ್ಕೆ ಕಪ್ಪು ಜನಾಂಗದ ಅನೇಕರನ್ನು ಬಂದೂಕಿನ ಬೆದರಿಕೆಯಿಂದ ದೂಡಲಾಯಿತು. ಅದೇ ಜನಾಂಗದವರು ಶವಗಳ ಒಡವೆಗಳನ್ನು ಕದಿಯುತ್ತಿದ್ದರೆಂಬ ಉತ್ಪ್ರೇಕ್ಷಿತ ವರದಿಗಳು ಪತ್ರಿಕೆಗಳಲ್ಲಿ ಹಬ್ಬಿದವು. ನಗರವನ್ನು ಶುಚಿಗೊಳಿಸಿದ ಕೈಗಳಿಗೆ ಸಂದ ಪ್ರತಿಫಲ ಇದು.

ಸಾಲದ ಹೊರೆಯಿಂದ ಮೊದಲೇ ಬಳಲಿದ್ದ ಪೌರಸಭೆಗೆ ಪುನರ್ನಿರ್ಮಾಣದ ಶಕ್ತಿಯಿಲ್ಲವೆಂದು ವರ್ತಕರೂ ಬ್ಯಾಂಕರರೂ ವಾದಿಸಿದರು. ಅದರ ಫಲವಾಗಿ 1901ರಲ್ಲಿ ಐವರು ಸದಸ್ಯರ ಆಯೋಗಾಡಳಿತ ಜಾರಿಗೆ ಬಂದಿತು. ಮೇಯರ್ ಅದರ ಅಧ್ಯಕ್ಷ. ಉಳಿದ ನಾಲ್ವರಿಗೆ ಹಣಕಾಸು, ಪೋಲೀಸು ಮತ್ತು ಅಗ್ನಿಶಾಮಕ, ಬೀದಿಗಳು, ನೀರು ಮತ್ತು ಒಳಚರಂಡಿ ಎಂಬ ಒಂದೊಂದು ಇಲಾಖೆ. ಮೊದಲು ಐವರಲ್ಲಿ ಮೂವರನ್ನು ರಾಜ್ಯಪಾಲನೇ ನೇಮಿಸಿದನು. ನ್ಯಾಯಾಲಯದ ಆಕ್ಷೇಪದ ಬಳಿಕ 1903ರಿಂದ ಎಲ್ಲರೂ ಚುನಾಯಿತರಾದರು. ಹಣಕಾಸನ್ನು ವಹಿಸಿಕೊಂಡ ಐಸಾಕ್ ಕೆಂಪ್ನರ್ ಸ್ವತಃ ಬ್ಯಾಂಕರನು. ಸಾಲಗಾರ ನಗರಕ್ಕೆ ಹೊಸ ಸಾಲ ಹುಟ್ಟಬೇಕಾದರೆ ಲೆಕ್ಕಪತ್ರ ಶುದ್ಧವಾಗಿರಬೇಕೆಂಬುದನ್ನು ಅವನು ಬಲ್ಲವನಾಗಿದ್ದನು.

ಎಂಜಿನಿಯರುಗಳಾದ ಹೆನ್ರಿ ರಾಬರ್ಟ್, ಆಲ್ಫ್ರೆಡ್ ನೋಬಲ್ ಮತ್ತು ರಿಪ್ಲಿ ಇವರ ಸಲಹೆಯಂತೆ ಕೆಲಸವು ಎರಡು ಭಾಗವಾಯಿತು. ಕೌಂಟಿ ಆಡಳಿತವು 15 ಲಕ್ಷ ಡಾಲರುಗಳ ಸಾಲಪತ್ರ ಹೊರಡಿಸಿ, 1902ರಿಂದ 1904ರವರೆಗೆ 17 ಅಡಿ ಎತ್ತರದ, ಮೂರು ಮೈಲಿಗೂ ಉದ್ದವಾದ ಕಾಂಕ್ರೀಟು ಗೋಡೆಯನ್ನು ಕಟ್ಟಿಸಿತು. ನಗರದ ಪಾಲಿನ ಕೆಲಸ ಇನ್ನೂ ಸಾಹಸದ್ದು: ಊರಿನ ನೆಲವನ್ನೇ ಎತ್ತರಿಸುವುದು. ತಿರುಪುಜ್ಯಾಕುಗಳಿಂದ 2,000ಕ್ಕೂ ಹೆಚ್ಚು ಕಟ್ಟಡಗಳನ್ನು ಮೇಲೆತ್ತಿ, ಕೊಳವೆಗಳ ಮೂಲಕ ನೀರುಬೆರೆತ ಮರಳನ್ನು ಅವುಗಳಡಿ ತುಂಬಲಾಯಿತು. ಸೇಂಟ್ ಪ್ಯಾಟ್ರಿಕ್ ಇಗರ್ಜಿಯೊಂದರ ತೂಕವೇ 3,000 ಟನ್ನು. ಮರಳು ತುಂಬುವ ವೆಚ್ಚ ನಗರದ್ದಾದರೂ ಮನೆಯನ್ನೆತ್ತಿಸುವ ವೆಚ್ಚ ಮನೆಯೊಡೆಯನದೇ. 1911ರವರೆಗೂ ಜನರು ಮರದ ಅಟ್ಟಣೆಗಳ ಮೇಲೆ ನಡೆದಾಡಿ ಬಾಳಿದರು. ಇತ್ತ 1901ರಲ್ಲಿ ಹುಟ್ಟಿದ ಮಹಿಳಾ ಆರೋಗ್ಯರಕ್ಷಣಾ ಸಂಘವು ಶವಗಳ ಮರುಸಂಸ್ಕಾರ, ನೈರ್ಮಲ್ಯ, ಗಿಡನೆಡುವಿಕೆಗಳನ್ನು ಕೈಗೊಂಡಿತು.

1915ರ ಆಗಸ್ಟಿನಲ್ಲಿ ಮತ್ತೊಂದು ಮಹಾ ಚಂಡಮಾರುತ ಬಡಿದಾಗ ಗೋಡೆ ನಿಂತಿತು. ನಗರದಲ್ಲಿ ಸತ್ತವರ ಸಂಖ್ಯೆ ಹಿಂದಿನದಕ್ಕೆ ಹೋಲಿಸಿದರೆ ಅತ್ಯಲ್ಪ. ಆದರೆ 1914ರಲ್ಲಿ ತೆರೆದ ಹಡಗುಕಾಲುವೆಯಿಂದ ವ್ಯಾಪಾರವು ಒಳನಾಡಿನ ಹೂಸ್ಟನ್ನಿನತ್ತ ಸರಿದಿತ್ತು. ಪ್ರಾಣ ಉಳಿಯಿತು, ಹಿರಿಮೆ ಮರಳಲಿಲ್ಲ.

ಗ್ಯಾಲ್ವೆಸ್ಟನ್ನಿನ ಆಯೋಗಾಡಳಿತವನ್ನು ಮಾದರಿಯೆಂದು ಅಮೆರಿಕದ ನೂರಾರು ನಗರಗಳು ಅನುಕರಿಸಿದವು. ಅವು ಗಮನಿಸದ ಲೆಕ್ಕವೊಂದಿತ್ತು. 1883ರಲ್ಲಿ ಕಪ್ಪು ಜನಾಂಗದ ನಾರಿಸ್ ರೈಟ್ ಕ್ಯೂನಿ ವಾರ್ಡೊಂದರಿಂದ ಗೆದ್ದು ಈ ಪೌರಸಭೆಯಲ್ಲಿ ಕುಳಿತಿದ್ದನು. 1895ರಲ್ಲಿಯೇ ಸಡಿಲಗೊಂಡಿದ್ದ ವಾರ್ಡುವಾರು ಪ್ರಾತಿನಿಧ್ಯವು ಹೊಸ ವ್ಯವಸ್ಥೆಯಲ್ಲಿ ಪೂರ್ತಿ ಅಳಿಯಿತು. 1902ರಲ್ಲಿ ರಾಜ್ಯವು ವಿಧಿಸಿದ ಮತದಾನ ತೆರಿಗೆಯು ಬಡವರನ್ನು ಇನ್ನಷ್ಟು ದೂರವಿಟ್ಟಿತು. ಗ್ಯಾಲ್ವೆಸ್ಟನ್ನೇ 1960ರಲ್ಲಿ ಆಯೋಗಾಡಳಿತವನ್ನು ಕೈಬಿಟ್ಟಿತು. ವಿಪತ್ತಿನ ಹೊತ್ತಿನಲ್ಲಿ ದಕ್ಷರಾದ ಕೆಲವರ ಕೈಗೆ ಅಧಿಕಾರ ಕೊಡುವುದು ಸಹಜ. ಅದನ್ನು ಮರಳಿ ಪಡೆಯುವ ಅವಧಿಯನ್ನು ಅಂದೇ ನಿಗದಿ ಮಾಡದಿದ್ದುದು ಆ ನಗರದ ಜಮಾಖರ್ಚಿನಲ್ಲಿ ಉಳಿದುಹೋದ ಕೊರತೆ.