ಕೆಮ್ಮಣ್ಣು (ಶಿವಮೊಗ್ಗ–ಭದ್ರಾವತಿ)

ಮಲೆನಾಡು ಇಳಿದು ಬಯಲಿಗೆ ಕೂಡುವ ಶಿವಮೊಗ್ಗ, ಭದ್ರಾವತಿ ಸುತ್ತಿನ ದಿಣ್ಣೆ, ಇಳಿಜಾರುಗಳ ಮುಖ್ಯ ಮಣ್ಣು. ನೈಸ್, ಗ್ರಾನೈಟ್, ಶಿಸ್ಟ್ ಶಿಲೆಗಳು ಶಿಥಿಲಗೊಂಡು ಆದದ್ದು; ಬಣ್ಣ ಕಬ್ಬಿಣದ ಆಕ್ಸೈಡಿನದು. ಪಶ್ಚಿಮಕ್ಕೆ, ಸಾಗರ–ಹೊಸನಗರದ ಕಡೆ, ಮಳೆ ಏರಿದಂತೆ ಜಂಬಿಟ್ಟಿಗೆ ಕಾಣಿಸುತ್ತದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಹೆಸರೇ ಮಣ್ಣಿನ ಗುಟ್ಟು ಹೇಳುತ್ತದೆ.

ಕೆಮ್ಮಣ್ಣಿನ ಜೇಡಿಯಲ್ಲಿ ಕೆಯೊಲಿನೈಟ್ ಹೆಚ್ಚು. ಹೀಗಾಗಿ ಎರೆಮಣ್ಣಿನಂತೆ ನೆನೆದು ಉಬ್ಬುವುದಿಲ್ಲ, ಒಣಗಿ ಆಳಕ್ಕೆ ಬಿರಿಯುವುದಿಲ್ಲ. ಸಾರ ಹಿಡಿದಿಡುವ ಶಕ್ತಿಯೂ ಕಡಿಮೆ. ನೀರು ಬೇಗ ಇಂಗುತ್ತದೆ, ಬೇಗ ಬಸಿಯುತ್ತದೆ. ಮುಂಗಾರಿನಲ್ಲಿ ಆವಿಯಾಗುವುದಕ್ಕಿಂತ ಸುರಿಯುವುದೇ ಹೆಚ್ಚು. ಮಿಕ್ಕದ್ದು ತಗ್ಗಿಗೆ, ಕೆರೆಗೆ, ಹೊಳೆಗೆ. ಬೇಸಿಗೆಯಲ್ಲಿ ದಿಣ್ಣೆ ಒಣಗಿ ಗಟ್ಟಿಯಾಗುತ್ತದೆ. ಇಷ್ಟು ಬೇಗ ಬಸಿಯುವ ಮಣ್ಣಿನಲ್ಲಿ ಭತ್ತ ಹೇಗೆ? ಇಳಿಜಾರಿನಿಂದ ಕೊಚ್ಚಿ ಬಂದ ನಯವಾದ ಮಣ್ಣು ತಗ್ಗಿನ ಗದ್ದೆಗಳಲ್ಲಿ ಕೂಡುತ್ತದೆ. ಕೆಸರು ಉಳುಮೆ ಅದರ ರಂಧ್ರಗಳನ್ನು ಮುಚ್ಚಿ ನೀರು ನಿಲ್ಲಿಸುತ್ತದೆ.

ಗಾಜನೂರಿನ ತುಂಗಾ ಅಣೆಕಟ್ಟು, ಲಕ್ಕವಳ್ಳಿಯ ಭದ್ರಾ ಜಲಾಶಯಗಳ ನಾಲೆಗಳು ಈ ನೀರಿನ ಲೆಕ್ಕವನ್ನೇ ಬದಲಿಸಿದವು. ನೀರು ಸಿಕ್ಕಿದ ಹಲವು ಗದ್ದೆಗಳು ಅಡಿಕೆ ತೋಟವಾದವು. ಬಸಿಗಾಲುವೆ ಹೂಳು ತುಂಬಿದ ತೋಟ ಮಾತ್ರ ಜವುಳಾಗುತ್ತದೆ, ಅಡಿಕೆಯ ಬೇರು ಕೊಳೆಯುತ್ತದೆ.