ಕೀಲಿ ತೆರೆಯುವ ಕೈ

ಯಾದಗಿರಿ, ಶಹಾಪುರ, ಸುರಪುರ, ಯಾವ ಬಜಾರಿಗೆ ಹೋಗ್ರಿ, ಛತ್ರಿ ಕೆಳಗೆ ಕಟ್ಟಿಗೆ ಪೆಟ್ಟಿಗೆ ಇಟ್ಟುಕೊಂಡು, ತಂತಿಗೆ ಚಾವಿ ಪೋಣಿಸಿ ಕೂತ ಒಬ್ಬ ಮನುಷ್ಯ ಸಿಗುತ್ತಾನೆ. ಮೈಸೂರು ಕಡೆಯವರು ಬೀಗ ಅನ್ನುವುದಕ್ಕೆ ನಾವು ಕೀಲಿ ಅಂತೀವಿ. ಆ ಕೀಲಿಯ ಚಾವಿ ಕಳೆದಾಗ ಮಾತ್ರ ಊರಿಗೆ ಇವನ ನೆನಪು. ಕರೆದುಕೊಂಡು ಹೋಗಿ, ಅಲಮಾರಿ ಮುಂದೆ ಕೂಡಿಸಿ, ಅವನು ತೆರೆಯುವ ತನಕ ಮನೆ ಮಂದಿಯೆಲ್ಲ ಅವನ ಕೈಯನ್ನೇ ನೋಡುತ್ತ ನಿಂತಿರುತ್ತಾರೆ. ತೆರೆದ ಮೇಲೆ ರೊಕ್ಕ ಕೊಡುತ್ತಾರೆ, ಆದರೆ ಸಂಶಯ ವಾಪಸು ತಗೊಳ್ಳುವುದಿಲ್ಲ. ವಾರದ ಮೇಲೆ ಓಣಿಯಲ್ಲಿ ಕಳವಾದರೆ ಮೊದಲ ಹೆಸರು ಅವನದೇ.

ಗಡಿಯಾರ ರಿಪೇರಿಯವನಿಗೆ ಈ ಸಂಶಯ ಯಾಕಿಲ್ಲ? ಅದೂ ಸಣ್ಣ ಸ್ಪ್ರಿಂಗು, ಸಣ್ಣ ಮೊಳೆ, ಸೂಕ್ಷ್ಮ ಕೈಯ ಕೆಲಸವೇ. ಇದಕ್ಕೆ ಉತ್ತರ ಕಸುಬಿನಲ್ಲಿಲ್ಲ, ಚರಿತ್ರೆಯಲ್ಲದ.

ಶುರುವಿಗೆ ಸಂಸ್ಕೃತದವರನ್ನೇ ಕೇಳೋಣ. ಶೂದ್ರಕನ 'ಮೃಚ್ಛಕಟಿಕ' ನಾಟಕದ ಮೂರನೇ ಅಂಕದಲ್ಲಿ ಚಾರುದತ್ತನ ಮನೆಗೆ ಕನ್ನ ಕೊರೆಯುವ ಶರ್ವಿಲಕ ಬ್ರಾಹ್ಮಣ, ನಾಲ್ಕು ವೇದ ಬಲ್ಲವನ ಮಗ. ಅಳತೆಯ ದಾರ ಮರೆತು ಬಂದಿದ್ದಾನೆ, ಜನಿವಾರವನ್ನೇ ಅಳತೆಗೋಲು ಮಾಡುತ್ತಾನೆ. ಮೇಲೆ ಅದರ ಉಪಯೋಗಗಳನ್ನು ಎಣಿಸುತ್ತಾನೆ: ಗೋಡೆ ಅಳೆಯಲು ಬರುತ್ತದೆ, ಒಡವೆಯ ಕೊಂಡಿ ಬಿಡಿಸಲು ಬರುತ್ತದೆ, ಭದ್ರ ಮಾಡಿದ ಬಾಗಿಲು ತೆರೆಯಲೂ ಬರುತ್ತದೆ! ಅವನ ಕಳ್ಳತನಕ್ಕೆ ಶಾಸ್ತ್ರವಿದೆ, ಗುರುವಿದ್ದಾನೆ, ಕುಮಾರಸ್ವಾಮಿಯೇ ದೇವರು. ಕೊನೆಗೆ ಅವನಿಗೆ ಶಿಕ್ಷೆಯೂ ಇಲ್ಲ. ಮೆಚ್ಚಿದ ಮದನಿಕೆ ಸಿಗುತ್ತಾಳೆ, ಹೊಸ ರಾಜನ ಗೆಳೆತನ ಸಿಗುತ್ತದೆ. ನಮ್ಮ ಪಂಡಿತರು ಇದನ್ನು ಕಾಲೇಜಿನಲ್ಲಿ ಹಾಸ್ಯರಸ ಎಂದು ಪಾಠ ಹೇಳುತ್ತಾರೆ. ಇರಲಿ. ಆದರೆ ಶರ್ವಿಲಕ ಕನ್ನ ಕೊರೆದನೆಂದು ಬ್ರಾಹ್ಮಣರೆಲ್ಲ ಹುಟ್ಟುಗಳ್ಳರು ಅಂತ ಯಾವ ಸರಕಾರವೂ ಕಾಯ್ದೆ ಬರೆಯಲಿಲ್ಲ, ಅದನ್ನು ನೆನಪಿಡಬೇಕು.

ನಮ್ಮ ಕಡೆಯಿಂದ ಹನ್ನೆರಡನೇ ಶತಮಾನದಲ್ಲಿ ಕನ್ನದ ಮಾರಿತಂದೆ ಬರುತ್ತಾನೆ. ಕನ್ನ ಹಾಕುವುದು ಅವನ ಕಸುಬಾಗಿತ್ತೆಂದು ಹೆಸರೇ ಹೇಳುತ್ತದೆ. ಶರಣರು ಅವನ ಹೆಸರಿನಿಂದ ಕನ್ನವನ್ನು ಅಳಿಸಲಿಲ್ಲ, ಕನ್ನದ ಜತೆಗೇ ಒಳಗೆ ಕರೆದುಕೊಂಡರು. ವಚನಕಾರರ ಪಟ್ಟಿಯಲ್ಲಿ ಅವನು ಇವತ್ತಿಗೂ ಅದೇ ಹೆಸರಿನಿಂದ ಕೂತಿದ್ದಾನೆ. ಕಸುಬಿನಿಂದ ಮನುಷ್ಯನನ್ನು ಅಳೆಯಬಾರದು ಅನ್ನುವ ಮಾತು ಕಲ್ಯಾಣದಲ್ಲಿ ಬರೀ ಮಾತಾಗಿರಲಿಲ್ಲ ಅನ್ನುವುದಕ್ಕೆ ಈ ಒಂದು ಹೆಸರು ಸಾಕು.

ಕೀಲಿ ಯಾರಿಗೆ ಬೇಕಿತ್ತು? ಗೌಡನ ವಾಡೆಗೆ ಬೇಕಿತ್ತು, ದೇಸಾಯಿಯ ಹಗೇವಿಗೆ ಬೇಕಿತ್ತು, ಸಾಹುಕಾರನ ಲೇವಾದೇವಿ ಪೆಟ್ಟಿಗೆಗೆ ಬೇಕಿತ್ತು. ಕೇರಿಯ ಗುಡಿಸಲಿಗೆ ತಟ್ಟಿ ಬಾಗಿಲು, ಅದಕ್ಕೊಂದು ಹಗ್ಗ. ಒಳಗಿನ ಮಡಕೆ ಕದಿಯಲು ಯಾರೂ ಬರಲಿಲ್ಲ, ಮುಟ್ಟಿದರೆ ಮೈಲಿಗೆ ನೋಡ್ರಿ! ಕೇರಿಯವರು ಕೀಲಿ ಕಂಡದ್ದು ಹೊರಗಿನಿಂದ. 1930ರ ಮಾರ್ಚಿನಲ್ಲಿ ಬಾಬಾಸಾಹೇಬ ಅಂಬೇಡ್ಕರರು ನಾಸಿಕದ ಕಾಳಾರಾಮ ಗುಡಿಗೆ ಸಾವಿರಾರು ಜನರನ್ನು ಕರೆದುಕೊಂಡು ಹೋದಾಗ ಗುಡಿಯವರು ಬಾಗಿಲನ್ನೇ ಮುಚ್ಚಿಕೊಂಡರು. ಅಸ್ಪೃಶ್ಯ ಒಳಗೆ ಬರುವುದಕ್ಕಿಂತ ದೇವರು ಒಳಗೇ ಬಂದಿಯಾಗಿರಲಿ ಎಂದರು. ಅಂಥ ಬಾಗಿಲು ತೆರೆಯುವ ಚಾವಿಯನ್ನು ಯಾವ ಚಾವಿಯವನೂ ಮಾಡಲಾರ.

ಈಗ ಸುರಪುರಕ್ಕೆ ಬರೋಣ. ಸುರಪುರದ ಬೇಡರ ಬಾಗಿಲು ತೆರೆಯುವುದು ಯಾರಿಗೂ ಸುಲಭವಿರಲಿಲ್ಲ. 1705ರಲ್ಲಿ ಔರಂಗಜೇಬ, ಮುದುಕನಾಗಿದ್ದವನು, ಖುದ್ದಾಗಿ ಬಂದು ವಾಗಿನಗೇರಿ ಕೋಟೆಯ ಮುಂದೆ ಕೂತ. ಅದೇ ಅವನು ನಡೆಸಿದ ಕೊನೆಯ ಮುತ್ತಿಗೆ. ಕೋಟೆ ಸಿಕ್ಕಿತು, ಪಿಡ್ಡನಾಯಕ ಸಿಗಲಿಲ್ಲ. ನೂರಮೂವತ್ತಾರು ವರ್ಷದ ಮೇಲೆ, 1841ರಲ್ಲಿ, ಮೆಡೋಸ್ ಟೇಲರ್ ಎಂಬ ಅಧಿಕಾರಿ ಬಂದ. ಎರಡು ವರ್ಷದ ಹಿಂದಷ್ಟೇ ಠಕ್ಕರ ಮೇಲೆ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದ. ಸಣ್ಣ ಹುಡುಗನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಹೆಸರಿನಲ್ಲಿ 1853ರ ತನಕ ಆಡಳಿತ ನಡೆಸಿದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇವತ್ತಿಗೂ ಅದ. ಟೇಲರ್ ಕೆಟ್ಟವನಲ್ಲ ಅಂತ ಸುರಪುರದವರು ಹೇಳುತ್ತಾರೆ, ಇರಬಹುದು. ಆದರೆ ಹುಟ್ಟಿನಿಂದಲೇ ಅಪರಾಧಿಗಳಾದ ಜನ ಇದ್ದಾರೆ ಎಂಬ ಕಲ್ಪನೆ ಇಂಗ್ಲಿಷರ ತಲೆಯಲ್ಲಿ ಬೇರು ಬಿಟ್ಟಿದ್ದರಲ್ಲಿ ಠಕ್ಕರ ಕಥೆಗಳ ಪಾಲು ದೊಡ್ಡದು.

ಟೇಲರ್ ಸುರಪುರದಲ್ಲಿದ್ದಾಗಲೇ, 1851ರಲ್ಲಿ, ಲಂಡನ್ನಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿಗೆ ಎ.ಸಿ. ಹಾಬ್ಸ್ ಎಂಬ ಅಮೆರಿಕನ್ ಬಂದ. ಕಳ್ಳರಿಗೆ ದಕ್ಕದ ಕೀಲಿ ಎಂದು ಇಂಗ್ಲೆಂಡ್ ಹೆಮ್ಮೆಪಡುತ್ತಿದ್ದ ಚಬ್ ಕೀಲಿಯನ್ನು ಸುಮಾರು 25 ನಿಮಿಷದಲ್ಲಿ ತೆರೆದ. ಬ್ರಾಮಾ ಕಂಪನಿಯವರು 1790ರಿಂದ ಅಂಗಡಿ ಕಿಟಕಿಯಲ್ಲಿ ಒಂದು ಕೀಲಿ ಇಟ್ಟು, ತೆರೆದವನಿಗೆ 200 ಗಿನಿ ಎಂದು ಬರೆದು ಕೂತಿದ್ದರು. ಹಾಬ್ಸ್ 16 ದಿನಗಳಲ್ಲಿ ಒಟ್ಟು 51 ತಾಸು ಕೂತು ಅದನ್ನೂ ತೆರೆದ. ಅವನನ್ನು ಜೇಲಿಗೆ ಹಾಕಿದರೇನು? ಇಲ್ಲ. 200 ಗಿನಿ ಎಣಿಸಿ ಕೊಟ್ಟರು. ಪತ್ರಿಕೆಗಳು ತಿಂಗಳುಗಟ್ಟಲೆ ಚರ್ಚೆ ಮಾಡಿದವು. ಇಂಥ ವಿದ್ಯೆ ಬಹಿರಂಗ ಮಾಡಬಾರದು ಅಂದವರಿಗೆ, ಕಳ್ಳರಿಗೆ ಇದು ಮೊದಲೇ ಗೊತ್ತು, ಗೊತ್ತಿಲ್ಲದಿರುವುದು ಮನೆಯವರಿಗೆ ಮಾತ್ರ ಎಂಬ ಉತ್ತರ ಬಂತು. ಹಾಬ್ಸ್ ಅಲ್ಲೇ ಕೀಲಿ ಕಾರ್ಖಾನೆ ತೆರೆದು ಶ್ರೀಮಂತನಾದ.

ಅದೇ ಇಂಗ್ಲಿಷರು ಇಲ್ಲಿ ಮಾಡಿದ್ದು ನೋಡ್ರಿ. 1857ರಲ್ಲಿ ಜನರ ಕೈಯಿಂದ ಆಯುಧ ಕಸಿಯುವ ಕಾನೂನು ಬಂತು. ಹಲಗಲಿಯ ಬೇಡರು ಕೊಡೆವು ಎಂದು ಸತ್ತರು. 1858ರ ಫೆಬ್ರವರಿಯಲ್ಲಿ ಸುರಪುರ ಬಂಡೆದ್ದಿತು, ಸೋತಿತು. ವೆಂಕಟಪ್ಪ ನಾಯಕ ಸೆರೆ ಸಿಕ್ಕು, ಸಾಗಿಸುವ ದಾರಿಯಲ್ಲೇ ಗುಂಡಿಗೆ ಬಲಿಯಾದ. 1860ರಲ್ಲಿ ಸುರಪುರವನ್ನು ನಿಜಾಮನಿಗೆ ಇನಾಮಿನಂತೆ ಕೊಟ್ಟುಬಿಟ್ಟರು. 1871ರಲ್ಲಿ ಮುಂಬಯಿಯ ರೈಲು ಯಾದಗಿರಿ ದಾಟಿ ರಾಯಚೂರಿನಲ್ಲಿ ಮದರಾಸಿನ ರೈಲಿಗೆ ಕೂಡಿತು. ಎತ್ತಿನ ಮೇಲೆ ಉಪ್ಪು, ಕಾಳು ಸಾಗಿಸುತ್ತಿದ್ದ ಲಂಬಾಣಿ, ಕೊರವರ ವ್ಯಾಪಾರ ರೈಲಿನಡಿ ಸಿಕ್ಕು ಸತ್ತಿತು. ಅದೇ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ! ಮೊದಲು ಉತ್ತರ ಭಾರತಕ್ಕೆ, 1911ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ. ಹೊಟ್ಟೆಯ ದಾರಿ ಮುಚ್ಚಿದರು, ಆಮೇಲೆ ಹೊಟ್ಟೆಗಿಲ್ಲದವನನ್ನು ಕಳ್ಳ ಅಂದರು.

ಈ ಕಾಯ್ದೆಗೆ ಕಳವು ಸಾಬೀತಾಗುವುದು ಬೇಕಿರಲಿಲ್ಲ, ಹುಟ್ಟಿದ್ದರೆ ಸಾಕಿತ್ತು. ಹೆಸರು ರಿಜಿಸ್ಟರಿನಲ್ಲಿ, ಬೆರಳಚ್ಚು ಠಾಣೆಯಲ್ಲಿ, ಹಾಜರಿ ಪೊಲೀಸರ ಮುಂದೆ. ಊರು ಬಿಡಲು ಪಾಸು. ಮಕ್ಕಳನ್ನು ತಾಯಿ-ತಂದೆಯಿಂದ ಬೇರೆ ಮಾಡುವ ಅಧಿಕಾರವೂ ಕಾಯ್ದೆಯಲ್ಲಿತ್ತು. ಸೊಲ್ಲಾಪುರ, ವಿಜಾಪುರ, ಹುಬ್ಬಳ್ಳಿಗಳಲ್ಲಿ ಸೆಟ್ಲಮೆಂಟುಗಳಾದವು. ಹುಬ್ಬಳ್ಳಿಯಲ್ಲಿ ಇವತ್ತಿಗೂ ಸೆಟ್ಲಮೆಂಟ್ ಎಂಬ ಹೆಸರು ಉಳಿದದ. 1908ರಲ್ಲಿ ಕೆನಡಿ ಎಂಬ ಪೊಲೀಸ್ ಅಧಿಕಾರಿ ಮುಂಬಯಿ ಪ್ರಾಂತ್ಯದ ಅಪರಾಧಿ ವರ್ಗಗಳ ಮೇಲೆ ಪುಸ್ತಕ ಬರೆದ. ಜಾತಿಗೊಂದು ಅಧ್ಯಾಯ: ಯಾರು ಹೇಗೆ ಉಡುತ್ತಾರೆ, ಯಾವ ಭಾಷೆ ಆಡುತ್ತಾರೆ, ಕೈಯಲ್ಲಿ ಯಾವ ಹತಾರ ಇರುತ್ತದೆ. ಹಾಬ್ಸನ ಕೈಯಲ್ಲಿದ್ದಾಗ ವಿಜ್ಞಾನವಾಗಿದ್ದ ಕಬ್ಬಿಣದ ಕಡ್ಡಿ, ನಮ್ಮವರ ಕೈಗೆ ಬಂದಾಗ ಹುಟ್ಟುಗುಣಕ್ಕೆ ಸಾಕ್ಷಿಯಾಯಿತು. ನಮ್ಮ ಮೂರು ತಾಲೂಕು ನಿಜಾಮನ ರಾಜ್ಯದಲ್ಲಿದ್ದವು, ಇಂಗ್ಲಿಷರ ಕಾಯ್ದೆ ನೇರವಾಗಿ ನಡೆಯುತ್ತಿರಲಿಲ್ಲ ನಿಜ. ಆದರೆ ನಿಜಾಮನ ಪೊಲೀಸರು ಕಲಿತದ್ದು ಅದೇ ಪಾಠ; ಲಂಬಾಣಿಗಳ ಮೇಲೆ ಅದೇ ಕಣ್ಣು.

ಕೀಲಿಯ ವ್ಯಾಪಾರ ಮಾತ್ರ ಬೆಳೆಯಿತು. ಅಲೀಗಢದಲ್ಲಿ ಕೀಲಿ ಮಾಡುವವರ ಓಣಿಗಳೇ ಎದ್ದವು. ವಕೀಲಿ ಬಿಟ್ಟ ಅರ್ದೇಶೀರ್ ಗೋದ್ರೆಜ್ 1897ರಲ್ಲಿ ಮುಂಬಯಿಯಲ್ಲಿ ಕೀಲಿ ಕಾರ್ಖಾನೆ ಹಾಕಿದರು. ತಮಿಳುನಾಡಿನ ದಿಂಡಿಗಲ್ಲಿನಲ್ಲಿ ಕೈಯಿಂದಲೇ ಮಾಡುವ ಕೀಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಕೀಲಿ ಮಾಡುವವನಿಗೆ ಗುರುತು ಸಿಕ್ಕಿತು, ತೆರೆಯುವವನಿಗೆ ರಿಜಿಸ್ಟರಿನ ಗುರುತು.

ನಮ್ಮ ಕಡೆ ಈ ಕಸುಬಿನಲ್ಲಿ ಹೆಚ್ಚಾಗಿ ಕಾಣುವವರು ಶಿಕ್ಲಗಾರರು. ಸೈಕಲ್ ಎಂಬ ಅರಬ್ಬಿ ಮಾತಿಗೆ ಉಜ್ಜಿ ಹೊಳಪು ಕೊಡುವುದು ಎಂದರ್ಥ. ಕತ್ತಿ, ಈಟಿ ಮಸೆಯುತ್ತಿದ್ದವರು. ಆಯುಧ ಕಸಿದ ಕಾನೂನುಗಳು, ಮುಖ್ಯವಾಗಿ 1878ರದ್ದು, ಅವರ ಕಸುಬನ್ನೇ ಕಸಿದವು. ಕತ್ತಿ ಮಸೆಯುವ ಕೈ ಕತ್ತರಿ, ಈಳಿಗೆ ಮಸೆಯಿತು. ಅರ ಹಿಡಿದು ಚಾವಿ ಕೆತ್ತಿತು. ಅವರ ಹುಡುಗರು ಶಾಲೆಗೆ ಹೋಗುವುದಕ್ಕಿಂತ ಮೊದಲು ಅರ ಹಿಡಿಯುತ್ತಾರೆ. ಇದನ್ನು ಪರಂಪರೆ ಎಂದು ಹೊಗಳುವವರಿಗೆ ನಾನು ಕೈಮುಗಿದು ಹೇಳುವುದಿಷ್ಟೇ: ನಿಮ್ಮ ಮಕ್ಕಳನ್ನು ಕೂಡಿಸ್ರಿ ಆ ಛತ್ರಿ ಕೆಳಗೆ.

ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ! ಆದರೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಹಿಂಬಾಗಿಲಿನಿಂದ ಬಂದವು. ನಮ್ಮ ರಾಜ್ಯದ್ದು 1961ರದ್ದು. ಜೇಲಿನೊಳಗೆ ಜಾತಿ ನೋಡಿ ಕೆಲಸ ಹಂಚುವುದನ್ನು ಸುಪ್ರೀಂ ಕೋರ್ಟು ಸಂವಿಧಾನಬಾಹಿರ ಎಂದದ್ದು 2024ರ ಅಕ್ಟೋಬರ್ 3ರಂದು. ವಿಮುಕ್ತ ಬುಡಕಟ್ಟಿನವರನ್ನು ಮನಬಂದಂತೆ ಹಿಡಿಯಬಾರದು ಎಂದೂ ಅದೇ ತೀರ್ಪು ಪೊಲೀಸರಿಗೆ ಹೇಳಿತು.

ಜರ್ಮನಿಯಲ್ಲಿ ಕೀಲಿ ತೆರೆಯುವುದು ಆಟ. 1997ರಲ್ಲಿ ಹ್ಯಾಂಬರ್ಗಿನಲ್ಲಿ ಅದಕ್ಕೊಂದು ಸಂಘವೇ ಆಗಿ ಸ್ಪರ್ಧೆ ನಡೆಸಿತು. ಆಡುವವರು ಎರಡು ನಿಯಮ ಹೇಳುತ್ತಾರೆ: ನಿನ್ನದಲ್ಲದ ಕೀಲಿ ಮುಟ್ಟಬೇಡ, ಉಪಯೋಗದಲ್ಲಿರುವ ಕೀಲಿ ಮೇಲೆ ಕಲಿಯಬೇಡ. ನಮ್ಮ ಹುಡುಗರೂ ಕಲಿಯಲಿ, ಎಲ್ಲ ಜಾತಿಯ ಹುಡುಗರೂ. ಕೆಟ್ಟ ಕೀಲಿಯೊಂದನ್ನು ಗರಗಸದಿಂದ ಸೀಳಿ ಹೊಟ್ಟೆ ನೋಡ್ರಿ: ಒಳಗೆ ಸಣ್ಣ ಪಿನ್ನುಗಳ ಸಾಲು, ಪ್ರತಿಯೊಂದೂ ಎರಡು ತುಂಡು, ಮೇಲೆ ಸ್ಪ್ರಿಂಗು. ಸರಿಯಾದ ಚಾವಿ ಹೋದಾಗ ತುಂಡಾದ ಜಾಗಗಳೆಲ್ಲ ಒಂದೇ ಗೆರೆಗೆ ಬರುತ್ತವೆ, ಉರುಳೆ ತಿರುಗುತ್ತದೆ. ಅಮೆರಿಕದ ಯೇಲ್ 1860ರ ದಶಕದಲ್ಲಿ ರೂಪಿಸಿದ್ದು, ಮೂಲ ತತ್ವ ಈಜಿಪ್ತಿನ ಕಟ್ಟಿಗೆ ಕೀಲಿಯದು. ಯಾವ ಕಾರ್ಖಾನೆಯೂ ಎಲ್ಲ ತೂತುಗಳನ್ನು ಕೂದಲೆಳೆ ತಪ್ಪದಂತೆ ಕೊರೆಯಲಾರದು. ಆದ್ದರಿಂದ ಉರುಳೆಯನ್ನು ತುಸು ಒತ್ತಿ ಹಿಡಿದರೆ ಪಿನ್ನುಗಳು ಒಟ್ಟಿಗೆ ಬಿಗಿಯುವುದಿಲ್ಲ, ಒಂದಾದ ಮೇಲೊಂದು ಬಿಗಿಯುತ್ತವೆ. ಈ ಕಸುಬಿನ ಗುಟ್ಟೆಲ್ಲ ಇಷ್ಟೇ. ಉಳಿದದ್ದು ಬೆರಳಿನ ತಾಳ್ಮೆ. ಐಟಿಐಯ ಫಿಟ್ಟರ್ ವಿಭಾಗದಲ್ಲಿ ಅರ ಹಿಡಿಯಲು ಚೆನ್ನಾಗಿ ಕಲಿಸುತ್ತಾರೆ, ಅಲ್ಲಿಂದ ಚಾವಿ ಕೆತ್ತುವುದು ದೂರವಿಲ್ಲ. ಹಳ್ಳಿಯ ವಿಜ್ಞಾನದ ಮಾಸ್ತರರು ಸೀಳಿದ ಕೀಲಿಯೊಂದನ್ನು ತರಗತಿಗೆ ಒಯ್ದರೆ ಸನ್ನೆ, ಸ್ಪ್ರಿಂಗು, ಘರ್ಷಣೆ ಮೂರೂ ಒಂದೇ ದಿನ ಆಗುತ್ತವೆ.

ದುಡಿಮೆಗೆ ಇಳಿಯುವವರು ಒಂದು ಗೊತ್ತಿಟ್ಟುಕೊಳ್ಳಬೇಕು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ, ಸೂರ್ಯ ಮುಳುಗಿ ಹುಟ್ಟುವ ತನಕ ಸಕಾರಣವಿಲ್ಲದೆ ಮನೆ ಮುರಿಯುವ ಹತಾರ ಇಟ್ಟುಕೊಂಡು ತಿರುಗುವುದು ಅಪರಾಧ. ಸಕಾರಣ ಯಾವುದು ಎಂದು ಆ ರಾತ್ರಿ ನಿರ್ಧರಿಸುವವನು ಬೀಟಿನ ಪೇದೆ. ಅವನು ಮೊದಲು ಕೇಳುವುದು ಹೆಸರು, ಆಮೇಲೆ ಊರು, ಆಮೇಲೆ ಕೇರಿ. ಹಾಗಾಗಿ ನಗರಸಭೆಯ ಪರವಾನಗಿ ಚೀಟಿ ಪೆಟ್ಟಿಗೆಯಲ್ಲೇ ಇರಲಿ. ಒಂದು ನೋಟುಬುಕ್ಕು ಇರಲಿ: ತಾರೀಖು, ಮನೆಯವರ ಹೆಸರು, ಯಾವ ಕೀಲಿ, ಅವರ ಸಹಿ. ರಾತ್ರಿ ಕರೆದರೆ ಮನೆಯವರೇ ಬಂದು ಕರೆದೊಯ್ದು, ಅವರೇ ತಿರುಗಿ ತಂದು ಬಿಡಲಿ.